ಬೈಸಿಕೊಳ್ಳುವ ಮಿಡ್‌ಫೀಲ್ಡರ್ ಪರ ವಾದ ಮಾಡುವುದು ಹೇಗೆ

ವಾಸ್ಕೋದ ಬೈನಾ ಕಡೆ ಒಂದು ಓಣಿಯಲ್ಲಿ ನನ್ನದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಗದಗ ಕಡೆಯಿಂದ 1996ರಲ್ಲಿ ಬಂದವನು ನಾನು. ಊಟಕ್ಕೆ ಬರುವವರಲ್ಲಿ ಮುಕ್ಕಾಲು ಮಂದಿ ನಮ್ಮ ಕಡೆಯವರೇ. ಬಂದರಿನಲ್ಲಿ ದುಡಿಯುವವರು, ಶಿಪ್‌ಯಾರ್ಡ್‌ನಲ್ಲಿ ವೆಲ್ಡಿಂಗ್ ಮಾಡುವವರು, ಲಾರಿ ಡ್ರೈವರ್‌ಗಳು. ಗೋಡೆ ಮೇಲೆ ಒಂದು ಟಿವಿ. 'ಇಲ್ಲಿ ರಾಜಕೀಯ ಮಾತಾಡಬೇಡಿ' ಅಂತ ಬೋರ್ಡ್ ಬರೆಸಿದ್ದೇನೆ. ಫುಟ್‌ಬಾಲ್ ಅಂತಲೂ ಸೇರಿಸಬೇಕಿತ್ತು. ಪೇಂಟರ್ ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳಿದ, ಬಿಟ್ಟೆ.

ಗೋವಾಕ್ಕೆ ಬರುವವರೆಗೆ ನನಗೆ ಗೊತ್ತಿದ್ದದ್ದು ಕಬಡ್ಡಿ, ಖೋ ಖೋ ಅಷ್ಟೇ. ಇಲ್ಲಿ ಭತ್ತ ಕೊಯ್ದ ಗದ್ದೆಯಲ್ಲೂ ಗೋಲ್ ಕಂಬ ನೆಡುತ್ತಾರೆ. ನೋಡ್ತಾ ನೋಡ್ತಾ ನನಗೂ ಹುಚ್ಚು ಹಿಡಿಯಿತು. ಆದರೆ ಮೊದಲಿಂದಲೂ ನನ್ನ ಕಣ್ಣು ಗೋಲು ಹೊಡೆಯುವವನ ಮೇಲೆ ನಿಲ್ಲೋದಿಲ್ಲ. ನಡುವೆ ನಿಂತು, ಚೆಂಡು ಇಸ್ಕೊಂಡು, ಬಾಜೂದವನಿಗೆ ಕೊಟ್ಟು, ಮತ್ತೆ ನಡುವೆ ನಿಲ್ಲುತ್ತಾನಲ್ಲ, ಆ ಮಿಡ್‌ಫೀಲ್ಡರ್ ಮೇಲೆ. ಖಾನಾವಳಿ ನಡೆಸಿದ್ದಕ್ಕೋ ಏನೋ. ಗಿರಾಕಿಗಳು ಎಣ್ಣೆಗಾಯಿ ಹೊಗಳುತ್ತಾರೆ. ಹಂಚಿನ ಕೆಳಗೆ ಉರಿ ಹದ ಮಾಡುವ ನಮ್ಮ ಅಕ್ಕನ ಹೆಸರು ಒಬ್ಬರಿಗೂ ಗೊತ್ತಿಲ್ಲ. ರೊಟ್ಟಿ ಸೀದ ದಿನ ಮಾತ್ರ ಎಲ್ಲರೂ ಅಡುಗೆಮನೆಗೆ ಇಣುಕುತ್ತಾರೆ.

ಹಾಗಾಗಿ ನನ್ನ ಅರ್ಧ ಸಂಜೆಗಳು ಇಂಥವರ ಪರ ವಾದ ಮಾಡೋದರಲ್ಲೇ ಕಳೆದಿವೆ. ಸೋತದ್ದೇ ಜಾಸ್ತಿ. ಸೋತು ಸೋತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಟೀಮಲ್ಲೂ ಇಂಥ ಒಬ್ಬ ಇರುತ್ತಾನೆ, ಅಲ್ವಾ?

ತಪ್ಪು ಮೊದಲು ನೀವೇ ಹೇಳಿ

ಇದು ಬಹಳ ಮಂದಿಗೆ ಆಗೋದಿಲ್ಲ. ನನಗೂ ಹತ್ತು ವರ್ಷ ಬೇಕಾಯಿತು. ನಿಮ್ಮವನು ನಿಧಾನ ಅನ್ನೋದು ನಿಜವಾದರೆ, ಎದುರಿನವನು ಬಾಯಿ ತೆರೆಯುವ ಮುಂಚೆ ನೀವೇ ಹೇಳಿಬಿಡಿ. 'ಹೌದು, ಓಡೋದರಲ್ಲಿ ಹಿಂದೆ. ಹೌದು, ಕಾರ್ಡ್ ಜಾಸ್ತಿ ತಗೋತಾನೆ.' ಅಲ್ಲಿಗೆ ಅವನ ಕೈಯಲ್ಲಿದ್ದ ಅರ್ಧ ಕಲ್ಲು ಕೆಳಗೆ ಬೀಳುತ್ತವೆ.

2019ರ ಮಾರ್ಚ್ 17. ಐಎಸ್‌ಎಲ್ ಅಂದರೆ ಇಂಡಿಯನ್ ಸೂಪರ್ ಲೀಗ್‌ನ ಫೈನಲ್, ಮುಂಬೈಯಲ್ಲಿ. ಬೆಂಗಳೂರು ಎಫ್‌ಸಿ ಒಂದು ಕಡೆ, ಎಫ್‌ಸಿ ಗೋವಾ ಇನ್ನೊಂದು ಕಡೆ. ನನ್ನ ಖಾನಾವಳಿಯ ಪರಿಸ್ಥಿತಿ ನೀವೇ ಊಹಿಸಿ. ಗೋವಾದ ನೀರು ಕುಡಿದವರು ಅರ್ಧ, 'ಏನಾದರೂ ನಮ್ಮ ಬೆಂಗಳೂರು' ಅನ್ನುವವರು ಅರ್ಧ. ಬೆಂಗಳೂರು ನೋಡದವರೇ ಜಾಸ್ತಿ ಕೂಗುತ್ತಿದ್ದರು. ಹೆಚ್ಚುವರಿ ಸಮಯದಲ್ಲಿ ಗೋವಾದ ಅಹ್ಮದ್ ಜಾಹೂಗೆ ರೆಡ್ ಕಾರ್ಡ್ ಬಿತ್ತು. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. 1-0. ಕಪ್ ಬೆಂಗಳೂರಿಗೆ.

ನಾನು ಜಾಹೂ ಪರ. ಆ ಮೊರಾಕೊದವನು ನಡುವಿನಿಂದ ಎತ್ತಿ ಕೊಡುತ್ತಿದ್ದ ಉದ್ದನೆಯ ಪಾಸ್ ನೋಡಲಿಕ್ಕೆ ಅಂತಲೇ ನಾನು ಮ್ಯಾಚ್ ಹಾಕುತ್ತಿದ್ದೆ. ಆ ರಾತ್ರಿ ಸುಮ್ನೆ ರೆಫರಿಯನ್ನು ಬೈದೆ. ಎಲ್ಲರೂ ಸೇರಿ ನನ್ನನ್ನು ಹಣ್ಣು ಮಾಡಿದರು. ಬೈಯಬಾರದಿತ್ತು. 'ಕಾರ್ಡ್ ಅವನದೇ ತಪ್ಪು, ಆದರೆ ಟೀಮು ಫೈನಲ್‌ವರೆಗೆ ಬಂದದ್ದರಲ್ಲಿ ಅವನ ಪಾಲೆಷ್ಟು, ಅದನ್ನೂ ಹೇಳಿ' ಅಂದಿದ್ದರೆ ಸಾಕಿತ್ತು.

ದೂರು ಏನು ಅಂತ ಬಿಡಿಸಿ ಕೇಳಿ

'ಅವನು ಕೆಲಸಕ್ಕೆ ಬಾರದವನು' ಅನ್ನುವುದು ದೂರಲ್ಲ, ಬೈಗುಳ. ಅದಕ್ಕೆ ಉತ್ತರ ಕೊಡಬೇಡಿ. 'ಏನು ಮಾಡಬೇಕಿತ್ತು ಅವನು?' ಅಂತ ಕೇಳಿ. ನನ್ನ ಅನುಭವದಲ್ಲಿ ಉತ್ತರ ಮೂರರಲ್ಲಿ ಒಂದು. ಹಿಂದಕ್ಕೇ ಪಾಸ್ ಕೊಡುತ್ತಾನೆ. ಗೋಲೂ ಇಲ್ಲ, ಅಸಿಸ್ಟೂ (ಗೋಲಿಗೆ ಮುಂಚಿನ ಕಡೆಯ ಪಾಸ್) ಇಲ್ಲ. ಮೈಗಳ್ಳ. ಮೂರಕ್ಕೂ ಮದ್ದು ಬೇರೆ ಬೇರೆ.

ಹಿಂದಕ್ಕೆ ಪಾಸ್ ಕೊಡುವ ದೂರು ಎಲ್ಲಕ್ಕಿಂತ ಹಳೆಯದು. ಬಾಗಲಕೋಟೆಯ ಒಬ್ಬ ಹುಡುಗ, ಶಿಪ್‌ಯಾರ್ಡ್‌ನಲ್ಲಿ ವೆಲ್ಡರ್, ನಮ್ಮಲ್ಲಿ ತಿಂಗಳ ಖಾತೆ ಇಟ್ಟಿದ್ದಾನೆ. ಅವನದು ದಿನಾ ಇದೇ ರಾಗ.

'ಕಾಕಾ, ಅಂವಾ ಏನ್ ಮಾಡ್ತಾನ್ರೀ? ಬರೇ ಹಿಂದ ಕೊಡ್ತಾನ, ಬಾಜೂಕ ಕೊಡ್ತಾನ. ಅಷ್ಟು ನಾನೂ ಮಾಡ್ತೀನಿ.'

ಇದಕ್ಕೆ ಬಾಯಿಮಾತು ಸಾಲದು. ನಾನು ತಾಟು, ವಾಟಿ, ಲೋಟ ಇಟ್ಟು ತೋರಿಸುತ್ತೇನೆ. ನಡುವೆ ಉಪ್ಪಿನ ಡಬ್ಬಿ, ಅದು ನಮ್ಮವನು. ಬೆನ್ನು ಎದುರಾಳಿ ಗೋಲಿನ ಕಡೆಗಿದೆ. ಎರಡು ಲೋಟ ಅವನ ಮೇಲೆ ನುಗ್ಗಿ ಬರುತ್ತಿವೆ. ಅವನು ತಿರುಗಲಿಕ್ಕೆ ಹೋಗಿ ಚೆಂಡು ಕಳೆದುಕೊಂಡರೆ ಹಿಂದೆ ಉಳಿದದ್ದು ಎರಡೇ ವಾಟಿ, ಅವೂ ದೂರ ದೂರ ನಿಂತಿವೆ. ಎದುರಾಳಿಗೆ ಗೋಲ್‌ವರೆಗೆ ಹೆದ್ದಾರಿ. ಅದೇ ಹಿಂದಕ್ಕೆ ಕೊಟ್ಟರೆ? ಆ ಎರಡು ಲೋಟ ಚೆಂಡಿನ ಹಿಂದೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಬರುತ್ತವೆ. ಅವು ಬಿಟ್ಟು ಬಂದ ಜಾಗ ಖಾಲಿ. ವಾಟಿಯವನು ಆ ಖಾಲಿ ಜಾಗಕ್ಕೆ ಒಂದು ಉದ್ದನೆಯ ಪಾಸ್ ಎಸೆದರೆ ಆಟ ತೆರೆಯಿತು. ಜನ ಚಪ್ಪಾಳೆ ಹೊಡೆಯೋದು ಆ ಉದ್ದನೆಯ ಪಾಸಿಗೆ. ಉಪ್ಪಿನ ಡಬ್ಬಿ ಯಾರಿಗೂ ನೆನಪಿರೋದಿಲ್ಲ.

ಫೋನಲ್ಲಿ ಹೈಲೈಟ್ಸ್ ನೋಡುವವರಿಗೆ ಇದು ಎಂದೂ ಕಾಣೋದಿಲ್ಲ. ಹೈಲೈಟ್ಸ್ ಶುರುವಾಗೋದೇ ಕಡೆಯ ಎರಡು ಪಾಸಿನಿಂದ. ಗೋಲಾದಾಗ ಪೂರ್ತಿ ಮ್ಯಾಚ್ ಹಾಕಿಸಿ, ಅರ್ಧ ನಿಮಿಷ ಹಿಂದಕ್ಕೆ ಹೋಗಿ ತೋರಿಸಿ. ಹತ್ತರಲ್ಲಿ ನಾಲ್ಕು ಸಲವಾದರೂ ನಿಮ್ಮವನು ಅಲ್ಲಿ ಸಿಗುತ್ತಾನೆ. ಸಿಗದೇ ಹೋದರೆ ಸುಮ್ನಿರಿ, ಮುಂದಿನ ಗೋಲಿಗೆ ಕಾಯಿರಿ.

ಅಸಿಸ್ಟ್ ಇಲ್ಲ ಅನ್ನುವವರಿಗೆ ನಾನು ಇಟಲಿಯ ಮಿಡ್‌ಫೀಲ್ಡರ್ ಜಾರ್ಜಿನ್ಯೊ ಕಥೆ ಹೇಳುತ್ತೇನೆ. 2018ರಲ್ಲಿ ಕೋಚ್ ಸಾರ್ರಿ ಜೊತೆ ನಾಪೊಲಿ ಕ್ಲಬ್ಬಿನಿಂದ ಇಂಗ್ಲೆಂಡಿನ ಚೆಲ್ಸಿಗೆ ಬಂದ. ಆ ಸೀಸನ್ ಪ್ರೀಮಿಯರ್ ಲೀಗ್‌ನಲ್ಲಿ ಚೆಂಡು ಮುಟ್ಟಿದ್ದೇ ಮುಟ್ಟಿದ್ದು, ಪಾಸ್ ಕೊಟ್ಟದ್ದೇ ಕೊಟ್ಟದ್ದು, ಅಸಿಸ್ಟ್ ಮಾತ್ರ ಸೊನ್ನೆ. ಸ್ವಂತ ಅಭಿಮಾನಿಗಳೇ ಅವನನ್ನು ಗೇಲಿ ಮಾಡಿದರು. 2021ರಲ್ಲಿ ಅದೇ ಮನುಷ್ಯ ಚೆಲ್ಸಿ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ, ಇಟಲಿ ಜೊತೆ ಯೂರೋ ಗೆದ್ದ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಓಟಿನಲ್ಲಿ ಮೆಸ್ಸಿ, ಲೆವಾಂಡೊವ್‌ಸ್ಕಿ ಬಿಟ್ಟರೆ ಮೂರನೆಯವನಾದ. ಕಥೆ ಅಲ್ಲಿಗೇ ನಿಲ್ಲಿಸಬೇಡಿ, ಮೊದಲೇ ಹೇಳಿದೆನಲ್ಲ. ಅದೇ ವರ್ಷ ಸ್ವಿಟ್ಜರ್ಲೆಂಡ್ ವಿರುದ್ಧ ಎರಡು ಮ್ಯಾಚಲ್ಲಿ ಎರಡು ಪೆನಾಲ್ಟಿ ಕಳೆದ. ಇಟಲಿ 2022ರ ವಿಶ್ವಕಪ್‌ಗೇ ಹೋಗಲಿಲ್ಲ. ಇದನ್ನೂ ನೀವೇ ಹೇಳಿದರೆ ಮೊದಲಿನದನ್ನು ಎದುರಿನವನು ನಂಬುತ್ತಾನೆ.

ಇನ್ನು ಮೈಗಳ್ಳ ಅನ್ನುವ ಮಾತು. ಇದಕ್ಕೆ ಮೈದಾನಕ್ಕೇ ಹೋಗಬೇಕು.

ಟಿಕೆಟ್ ನೀವೇ ತೆಗೆಸಿ

ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಬಿಡೋದಿಲ್ಲ. ನಮ್ಮವನ ಕೆಲಸ ನಡೆಯೋದು ಚೆಂಡು ಇಲ್ಲದ ಕಡೆ. ಹಾಗಾಗಿ ವಾದ ಮಾಡುವವನನ್ನು ಕರೆದುಕೊಂಡು ಹೋಗಿ ಮೈದಾನದಲ್ಲಿ ಕೂರಿಸಿ. ಟಿಕೆಟ್ ದುಡ್ಡು ನಿಮ್ಮದೇ. ಕೆಳಗಿನ ಸಾಲು ಬೇಡ, ಅಲ್ಲಿಂದ ಬರೀ ಕಾಲು ಕಾಣುತ್ತವೆ. ಎಷ್ಟಾಗುತ್ತೋ ಅಷ್ಟು ಮೇಲೆ ಹತ್ತಿ.

ವೆಲ್ಡರ್ ಹುಡುಗನನ್ನು ನಾನು ಮಡಗಾಂವ್ ಹತ್ತಿರದ ಫಾತೋರ್ಡಾ ಸ್ಟೇಡಿಯಂಗೆ ಕರೆದೊಯ್ದೆ. ವಾಸ್ಕೋದಿಂದ ಕದಂಬ ಬಸ್. ಗೋವಾ ಸರ್ಕಾರದ ಬಸ್ಸಿಗೆ ನಮ್ಮ ಬನವಾಸಿ ಕದಂಬರ ವಂಶದ ಹೆಸರು. ಅದರಲ್ಲಿ ಕೂತಾಗಲೆಲ್ಲ ನನಗೆ ಒಳಗೊಳಗೇ ಒಂದು ಜಂಬ. ಮ್ಯಾಚ್ ಸಂಜೆ ಏಳೂವರೆಗೆ. ಅವತ್ತು ಹುಡುಗ ದಿನಾ ಬೈಯುವ ಆ ಮಿಡ್‌ಫೀಲ್ಡರ್ ಆಡುತ್ತಿದ್ದ. ಅವನ ಹೆಸರು ಬರೆಯೋದಿಲ್ಲ, ಇದ್ದ ಬೈಗುಳವೇ ಸಾಕು ಅವನಿಗೆ.

ನನ್ನ ಉಪಾಯ ಹೀಗಿತ್ತು. ಹುಡುಗನ ಎಡ ಜೇಬಿಗೆ ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಹುರಿದ ಶೇಂಗಾ. ಹದಿನೈದು ನಿಮಿಷ ಚೆಂಡು ನೋಡಬಾರದು, ಇವನೊಬ್ಬನನ್ನೇ ನೋಡಬೇಕು. ಇವನು ಚೆಂಡು ಮುಟ್ಟಿದರೆ ಒಂದು ಹುಣಸೆ ಬೀಜ ಬಲ ಜೇಬಿಗೆ. ಚೆಂಡು ಮುಟ್ಟದೆ, ಬೇರೆಯವನು ಬಿಟ್ಟು ಹೋದ ಜಾಗ ತುಂಬಿದರೆ ಒಂದು ಶೇಂಗಾ ಬಲ ಜೇಬಿಗೆ.

ಮೊದಲ ಐದು ನಿಮಿಷ ಹುಡುಗನಿಗೆ ತಲೆಕೆಟ್ಟು ಹೋಯಿತು. ಪಕ್ಕದವರೆಲ್ಲ ಎದ್ದು ಕೂಗುತ್ತಾರೆ, ಇವನು ಯಾರೂ ನೋಡದ ಕಡೆ ನೋಡುತ್ತಾ ಕೂರಬೇಕು. ಆಮೇಲೆ ಒಂದು ಸಲ ನನ್ನ ತೋಳು ಹಿಡಿದ. 'ಕಾಕಾ, ಅಂವಾ ಹಿಂದ ಯಾಕ ತಿರುಗಿ ತಿರುಗಿ ನೋಡ್ತಾನ?'

ನಾನೂ ನೋಡಿದೆ. ಚೆಂಡು ಇನ್ನೂ ಗೋಲ್‌ಕೀಪರ್ ಹತ್ತಿರ ಇದೆ. ಇವನು ಒಮ್ಮೆ ಬಲ ಭುಜದ ಮೇಲಿಂದ ಹಿಂದೆ ನೋಡಿದ, ಇನ್ನೊಮ್ಮೆ ಎಡ ಭುಜದ ಮೇಲಿಂದ. ಚೆಂಡು ಕಾಲಿಗೆ ಬರುವ ಹೊತ್ತಿಗೆ ಹಿಂದೆ ಯಾರಿದ್ದಾರೆ, ಎಷ್ಟು ದೂರ ಇದ್ದಾರೆ ಅಂತ ಲೆಕ್ಕ ಮುಗಿದಿತ್ತು. ಒಂದೇ ಮುಟ್ಟು, ಪಾಸ್ ಹೋಯಿತು. ರಸ್ತೆ ದಾಟುವ ಮುದುಕಿ ಎರಡೂ ಕಡೆ ನೋಡುವ ಹಾಗೆ. ಹುಡುಗ ಬೀಜ ಜೇಬು ಬದಲಿಸೋದನ್ನೇ ಮರೆತ.

ಸ್ವಲ್ಪ ಹೊತ್ತಿಗೆ ನಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವವನು, ಹುಮ್ಮಸ್ಸಿನಿಂದ ಮುಂದೆ ಓಡಿಬಿಟ್ಟ. ಕೂಗು, ಸೀಟಿ. ಇವನು ಓಡಲಿಲ್ಲ. ನಡೆದುಕೊಂಡೇ ಎಡಕ್ಕೆ ಸರಿದು, ಲೆಫ್ಟ್ ಬ್ಯಾಕ್ ಬಿಟ್ಟ ಜಾಗದ ಬಾಗಿಲಲ್ಲಿ ನಿಂತ. ಎರಡು ನಿಮಿಷ ಮೊದಲಾಗಿದ್ದರೆ ಹುಡುಗ 'ನೋಡ್ರೀ, ನಡಕೋತ ಹೊಂಟಾನ' ಅನ್ನುತ್ತಿದ್ದ. ಚೆಂಡು ಎದುರಾಳಿಗೆ ಸಿಕ್ಕಿತು. ಅವರವನು ತಲೆ ಎತ್ತಿ ಆ ಕಡೆ ನೋಡಿದ, ಇವನು ನಿಂತಿದ್ದ. ಬೇಡ ಅಂತ ಚೆಂಡು ಹಿಂದಕ್ಕೆ ಕೊಟ್ಟ. ಅಷ್ಟೇ. ಟಿವಿಯಲ್ಲಿ ಆಗಿದ್ದರೆ ಆ ಹೊತ್ತಿಗೆ ಲೆಫ್ಟ್ ಬ್ಯಾಕ್‌ನ ಓಟದ ರಿಪ್ಲೇ ಹಾಕಿರುತ್ತಿದ್ದರು.

ಹಾಫ್ ಟೈಮಲ್ಲಿ ಲೆಕ್ಕ ಕೇಳಿದೆ. ಹುಣಸೆ ಬೀಜ ಬಲ ಜೇಬಲ್ಲಿ ಇದ್ದವು. ಶೇಂಗಾ ಇರಲಿಲ್ಲ. ಮಾತಿನ ಭರದಲ್ಲಿ ಎಲ್ಲಾ ತಿಂದುಬಿಟ್ಟಿದ್ದ. ನೀವು ಮಾಡುವಾಗ ಎರಡಕ್ಕೂ ತಿನ್ನಲಾಗದ ಬೀಜವನ್ನೇ ಒಯ್ಯಿರಿ.

ಕಿವಿಯನ್ನೂ ಬಳಸಿ

ಕೊರೊನಾ ಕಾಲದಲ್ಲಿ, 2020-21 ಮತ್ತು 2021-22ರ ಎರಡು ಸೀಸನ್, ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು. ಫಾತೋರ್ಡಾ, ಬಾಂಬೋಳಿಯ ಅಥ್ಲೆಟಿಕ್ ಸ್ಟೇಡಿಯಂ, ನಮ್ಮ ವಾಸ್ಕೋದ ತಿಲಕ್ ಮೈದಾನ. ಮನೆ ಬಾಗಿಲಿಗೇ ದೇಶದ ಲೀಗ್ ಬಂದಿತ್ತು, ಒಳಗೆ ಮಾತ್ರ ಬಿಡುತ್ತಿರಲಿಲ್ಲ. ಪರಿಚಯದವರ ತಾರಸಿಯಿಂದ ಲೈಟು ಕಾಣುತ್ತಿತ್ತು, ಆಟ ಕಾಣುತ್ತಿರಲಿಲ್ಲ. ಆದರೆ ಜನರ ಗಲಾಟೆ ಇಲ್ಲದ ಕಾರಣ ಆಟಗಾರರ ಕೂಗು ಕೇಳುತ್ತಿತ್ತು. 'ತಿರುಗು', 'ಹಿಂದೆ ಇದ್ದಾನೆ', 'ಬಿಡು ಬಿಡು' ಅಂತ ಇಂಗ್ಲಿಷು, ಹಿಂದಿ, ಇನ್ಯಾವುದೋ ಭಾಷೆಯಲ್ಲಿ. ಚೆಂಡು ಒದ್ದ ಸದ್ದಿಗಿಂತ ಮಾತೇ ಜಾಸ್ತಿ. ಯಾರು ಕೂಗಿದರು ಅಂತ ನನಗೆ ತಿಳಿಯುತ್ತಿರಲಿಲ್ಲ. ಅವತ್ತಿಂದ ಮೈದಾನಕ್ಕೆ ಹೋದರೆ ನಡುವಿನವನ ಕೈ ಎತ್ತ ತೋರಿಸುತ್ತಿದೆ, ಯಾರಿಗೆ ಬಾಯಿ ಮಾಡುತ್ತಿದ್ದಾನೆ ಅಂತ ನೋಡುವ ಅಭ್ಯಾಸ ಆಯಿತು. ವಾದಕ್ಕೆ ಬಂದವನಿಗೂ ಅದನ್ನು ತೋರಿಸಿ.

ಅಂಕಿಗಳನ್ನು ಉಪ್ಪಿನಷ್ಟೇ ಬಳಸಿ

ಈಗಿನ ಹುಡುಗರು ಫೋನ್ ತೆಗೆದು ಪಾಸ್ ಎಷ್ಟು, ಟ್ಯಾಕಲ್ ಎಷ್ಟು ಅಂತ ಓದುತ್ತಾರೆ. ನೀವು '90 ಪರ್ಸೆಂಟ್ ಪಾಸ್ ಸರಿ' ಅಂದರೆ, 'ಹಿಂದಕ್ಕೆ ಕೊಟ್ಟರೆ 100 ಬರ್ತದ್ರೀ ಕಾಕಾ' ಅನ್ನುತ್ತಾರೆ. ಅವರ ಮಾತೂ ಸರಿಯೇ. ಟ್ಯಾಕಲ್ ಲೆಕ್ಕ ಇನ್ನೂ ಮೋಸ. ಸರಿಯಾದ ಜಾಗದಲ್ಲಿ ನಿಂತವನಿಗೆ ಜಾರಿ ಬಿದ್ದು ಚೆಂಡು ಕೀಳುವ ಪ್ರಸಂಗವೇ ಕಡಿಮೆ. ನನ್ನ ಕೇಳಿದರೆ ಒಂದೇ ಲೆಕ್ಕ ನೋಡಿ: ಅವನು ಇದ್ದಾಗ ಟೀಮ್ ಎಷ್ಟು ಗೋಲು ತಿನ್ನುತ್ತದೆ, ಇಲ್ಲದಾಗ ಎಷ್ಟು. ಅದೂ ನಾಲ್ಕೈದು ಮ್ಯಾಚಿಗೆ ಅಲ್ಲ, ಒಂದು ಸೀಸನ್‌ಗಾದರೂ.

ಹೋದ ಮೇಲೆ ಏನಾಯಿತು ಅಂತ ಕೇಳಿ, ಆದರೆ ಉಬ್ಬಿಸಬೇಡಿ

ಇದಕ್ಕೆ ಎಲ್ಲರೂ ಮಕೆಲೆಲೆ ಹೆಸರು ಹೇಳುತ್ತಾರೆ, ನಾನೂ ಹೇಳುತ್ತೇನೆ. 2003ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಬೆಕಮ್‌ನನ್ನು ತಂದಿತು, ನಡುವೆ ನಿಂತು ಆಡುತ್ತಿದ್ದ ಕ್ಲಾಡ್ ಮಕೆಲೆಲೆಯನ್ನು ಚೆಲ್ಸಿಗೆ ಮಾರಿತು. ಆಮೇಲೆ ಸ್ಪೇನ್ ಲೀಗ್ ಮತ್ತೆ ಮ್ಯಾಡ್ರಿಡ್ ಕೈಗೆ ಬಂದದ್ದು 2007ರಲ್ಲಿ. ಇತ್ತ ಚೆಲ್ಸಿ 2004-05ರಲ್ಲಿ ಲೀಗ್ ಗೆದ್ದಾಗ 38 ಮ್ಯಾಚಲ್ಲಿ ತಿಂದ ಗೋಲು ಬರೀ 15. ಕೇಳಲಿಕ್ಕೆ ಭರ್ಜರಿ. ಆದರೆ ಅದೇ ಬೇಸಿಗೆಯಲ್ಲಿ ಮ್ಯಾಡ್ರಿಡ್ ಕೋಚ್ ಡೆಲ್ ಬಾಸ್ಕ್‌ನನ್ನೂ ಬಿಟ್ಟಿತ್ತು, ಡಿಫೆಂಡರ್ ಹಿಯೆರೊ ಕೂಡ ಹೋಗಿದ್ದ. ಎಲ್ಲದಕ್ಕೂ ಮಕೆಲೆಲೆಯೇ ಕಾರಣ ಅಂದರೆ ಆಟ ತಿಳಿದವರು ನಗುತ್ತಾರೆ.

ಊರ ಉದಾಹರಣೆ ಇದ್ದರೆ ಇನ್ನೂ ಒಳ್ಳೆಯದು. ಮಿಡ್‌ಫೀಲ್ಡರ್ ಲೆನ್ನಿ ರೊಡ್ರಿಗಸ್ ಗೋವಾದವನೇ, ಬೆಂಗಳೂರು ಎಫ್‌ಸಿಯಿಂದ 2018ರಲ್ಲಿ ಎಫ್‌ಸಿ ಗೋವಾಕ್ಕೆ ಬಂದ. ಟೀಮಿನ ಸ್ಟ್ರೈಕರ್ ಕೋರೊ ಗೋಲು ಹೊಡೆಯುವುದನ್ನು ನೋಡಲಿಕ್ಕೆ ಬಂದವರು ಲೆನ್ನಿಯನ್ನು ನೋಡುತ್ತಿರಲಿಲ್ಲ. 2019-20ರಲ್ಲಿ ಟೀಮು ಲೀಗ್ ಪಟ್ಟಿಯಲ್ಲಿ ಮೊದಲು ಬಂತು, ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆಯಿತು. 2021ರ ಜನವರಿಯಲ್ಲಿ ಲೆನ್ನಿ ಕೋಲ್ಕತಾಕ್ಕೆ ಹೋದ, ಅವನ ಬದಲಿಗೆ ಅಲ್ಲಿಂದ ಗ್ಲ್ಯಾನ್ ಮಾರ್ಟಿನ್ಸ್ ಬಂದ. ಮೊದಲು 'ಬರೇ ಬಾಜೂಕ ಕೊಡ್ತಾನ' ಅಂತ ಲೆನ್ನಿಯನ್ನು ಬೈದವರೇ ನನ್ನ ಖಾನಾವಳಿಯಲ್ಲಿ 'ಲೆನ್ನಿ ಇರಬೇಕಿತ್ತು, ಈ ಹೊಸಬ ಯಾರು' ಅಂದರು. ಏಪ್ರಿಲ್‌ನಲ್ಲಿ ಫಾತೋರ್ಡಾದಲ್ಲಿ ಕತಾರ್‌ನ ಅಲ್ ರಯ್ಯಾನ್ ಜೊತೆ 0-0, ಯುಎಇಯ ಅಲ್ ವಹ್ದಾ ಜೊತೆಗೂ 0-0. ಹೊಗಳಿಕೆ ಗೋಲ್‌ಕೀಪರ್ ಧೀರಜ್ ಸಿಂಗ್‌ಗೆ ಸಿಕ್ಕಿತು, ಸಿಗಬೇಕಾದದ್ದೇ. ಆ ಜೂನ್‌ನಲ್ಲಿ ಗ್ಲ್ಯಾನ್ ಭಾರತ ತಂಡಕ್ಕೆ ಆಡಿದ. ಖಾನಾವಳಿಯವರು 'ನಾವು ಅವತ್ತೇ ಹೇಳಿದ್ದೆವು' ಅಂದರು. ನಾನು ಬಿಲ್ಲಿನಲ್ಲಿ ಒಂದು ರೊಟ್ಟಿ ಜಾಸ್ತಿ ಬರೆದೆ.

ಕೋಪದಲ್ಲಿದ್ದವನ ಜೊತೆ ಬೇಡ

ಸೋತ ರಾತ್ರಿ ವಾದ ಮಾಡಬೇಡಿ. 2025ರಲ್ಲಿ ನಿಷೇಧ ಆಗುವ ಮುಂಚೆ ಆಪ್‌ನಲ್ಲಿ ಟೀಮ್ ಕಟ್ಟಿ ದುಡ್ಡು ಕಳೆದುಕೊಳ್ಳುತ್ತಿದ್ದವನ ಜೊತೆಯಂತೂ ಯಾವತ್ತೂ ಆಗುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಪಾಯಿಂಟು.

ಆಟಗಾರನೂ ಕೋಪದಲ್ಲಿ ಮಾಡಬಾರದ್ದು ಮಾಡುತ್ತಾನೆ, ಅದನ್ನು ಸಮರ್ಥಿಸಲಿಕ್ಕೆ ಹೋಗಬೇಡಿ. ಮಿಡ್‌ಫೀಲ್ಡರ್ ಗ್ರಾನಿಟ್ ಜಾಕಾ ಇಂಗ್ಲೆಂಡಿನ ಆರ್ಸೆನಲ್ ಕ್ಯಾಪ್ಟನ್ ಆಗಿದ್ದ. 2019ರ ಅಕ್ಟೋಬರ್ 27ರಂದು ಕ್ರಿಸ್ಟಲ್ ಪ್ಯಾಲೇಸ್ ಮ್ಯಾಚಲ್ಲಿ ಅವನನ್ನು ಹೊರಗೆ ಕರೆದಾಗ ಸ್ವಂತ ಜನವೇ ಹೂಯ್ಲಿಟ್ಟರು. ಅವನೂ ಕೈ ಬೀಸಿ, ಬೈದು, ಜೆರ್ಸಿ ಕಳಚಿ ಒಳಗೆ ಹೋದ. ಕ್ಯಾಪ್ಟನ್ ಪಟ್ಟಿ ಹೋಯಿತು. ಆದರೂ ಆ ಕ್ಲಬ್ಬಲ್ಲೇ ಮೂರೂವರೆ ವರ್ಷ ಇದ್ದು ಆಡಿದ. ಆಮೇಲೆ ಜರ್ಮನಿಯ ಲೆವರ್‌ಕುಸೆನ್‌ಗೆ ಹೋದ. 2023-24ರಲ್ಲಿ ಆ ಟೀಮು ಲೀಗ್‌ನಲ್ಲಿ ಒಂದೂ ಮ್ಯಾಚ್ ಸೋಲದೆ ಗೆದ್ದಿತು. ಜರ್ಮನ್ ಕಪ್ ಫೈನಲ್‌ನ ಒಂದೇ ಗೋಲು ಜಾಕಾನದು, ದೂರದಿಂದ ಹೊಡೆದದ್ದು. ಇದನ್ನು ಹೇಳುವಾಗ ದನಿ ಏರಿಸಬೇಡಿ. ತಾಟಿಗೆ ಸಾರು ಹಾಕುತ್ತಾ ಹೇಳಿದರೆ ಇನ್ನೂ ಚೆನ್ನಾಗಿ ಇಳಿಯುತ್ತದೆ.

ಫಾತೋರ್ಡಾದಿಂದ ವಾಪಸ್ ಬರುವಾಗ ನಮಗೆ ಬಸ್ ತಪ್ಪಿತು. ಗಿರಾಕಿಯೊಬ್ಬರ ಟೆಂಪೋ ಸಿಕ್ಕಿತು, ಹಿಂದೆ ಖಾಲಿ ಮೀನಿನ ಬುಟ್ಟಿಗಳ ನಡುವೆ ಕೂತು ಬಂದೆವು. ಹುಡುಗ ಏನೂ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ. ಮರುದಿನ ಸಂಜೆ ಊಟಕ್ಕೆ ಬಂದವನು ತಾಟಿನ ಮುಂದೆ ಕೂತು, ಲೋಟ, ವಾಟಿ, ಉಪ್ಪಿನ ಡಬ್ಬಿ ಎಲ್ಲಾ ಎಳೆದುಕೊಂಡು ಪಕ್ಕದವನಿಗೆ ಪಾಠ ಶುರುಮಾಡಿದ. ನಾನು ಒಳಗೆ ರೊಟ್ಟಿ ತರಲಿಕ್ಕೆ ಹೋಗಿ ಬರುವಷ್ಟರಲ್ಲಿ ದನಿ ಏರಿತ್ತು.

'ನಡುವಿನಂವಂದು ಏನೂ ತಪ್ಪಿಲ್ಲೋ. ಆ ಲೆಫ್ಟ್ ಬ್ಯಾಕ್ ಅದಾನಲ್ಲ, ಅಂವಾ ಬರೇ ಮುಂದ ಓಡ್ತಾನ, ಹಿಂದ ಬರೂದೇ ಇಲ್ಲ. ಮೊದಲ ಅವನ್ನ ತಗೀಬೇಕು.' ಆಮೇಲೆ ನನ್ನ ಕಡೆ ತಿರುಗಿ, 'ಏನ್ರೀ ಕಾಕಾ?' ಅಂದ.

ಲೆಫ್ಟ್ ಬ್ಯಾಕ್ ಪರ ವಾದ ಮಾಡೋದು ನನಗೆ ಬರೋದಿಲ್ಲ. ರೊಟ್ಟಿ ಹಾಕಿ ಒಳಗೆ ಹೋದೆ.